ಖಾಲಿ ಜಾಗಕ್ಕೆ ಒಂದು ಗೆರೆ

ನಿಮ್ಮ ರೂಮಿಗೂ ಬಂದಿರುತ್ತಾರೆ. ಡ್ಯೂಟಿ ಮುಗಿಸಿ ಕಾಲು ಚಾಚಿ ಕೂತಿರುವಾಗ ಪರಿಚಯದವರೊಬ್ಬರು ಬಾಗಿಲು ತಟ್ಟುತ್ತಾರೆ. ಕೈಯಲ್ಲಿ ಒಂದು ಕಟ್ಟು ಕಾಗದ. "ಇಲ್ಲೊಂದು ಸೈನ್ ಹಾಕಿ, ಸಂಘದ್ದು." ಎಂತಕ್ಕೆ ಎಂದು ನೀವು ಕೇಳುವುದಿಲ್ಲ. ಕೇಳಿದರೆ ಅವರಿಗೆ ಬೇಸರವಾದೀತು ಎಂಬ ಸಂಕೋಚ ನಿಮಗೆ. ಸಿವಿಲ್ ಐಡಿಯ ಒಂದು ಕಾಪಿಯನ್ನೂ ಜೊತೆಗೆ ಕೊಟ್ಟು ಕಳಿಸುತ್ತೀರಿ. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತೂ ಬಿಡುತ್ತೀರಿ.

ಈ ಕಥೆ ಆ ಕಾಗದದ್ದು. ಓದುವಾಗ ಸಿಟ್ಟು ಬಂದರೆ ಬರಲಿ. ಬರಲೆಂದೇ ಬರೆದದ್ದು.

ನಾವು ದುಡಿಯಲು ಬಂದ ಈ ಗಲ್ಫ್ ದೇಶದ ಫಿಂಟಾಸಿನ ಒಂದು ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಕಾಸಿಂ ಕುಂಞಿ ಎಂಬವರಿದ್ದಾರೆ. ಉಪ್ಪಿನಂಗಡಿ ಕಡೆಯವರು. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಂಪು, ಜನರೇಟರುಗಳ ಸ್ಪೇರ್ ಪಾರ್ಟ್ಸ್ ಮಾರುವ ಒಂದು ಗೋದಾಮಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಸ್ಟೋರ್ ಕೀಪರ್. ಅವರ ಕಣ್ಣು ತಪ್ಪಿಸಿ ಒಂದು ವಾಷರ್ ಕೂಡ ಹೊರಗೆ ಹೋಗುವುದಿಲ್ಲ. ಮಾಲು ಹೊರಡುವಾಗ ಡೆಲಿವರಿ ನೋಟ್ ಬರೆಯುತ್ತಾರೆ. ಕೊನೆಯ ಐಟಂ ಬರೆದ ಮೇಲೆ ಕೆಳಗೆ ಉಳಿದ ಖಾಲಿ ಜಾಗಕ್ಕೆ ಓರೆಯಾಗಿ ಒಂದು ಗೆರೆ ಎಳೆಯುತ್ತಾರೆ. ಸೈನ್ ಆಮೇಲೆ. ಗೆರೆ ಎಳೆಯದೆ ಬಿಟ್ಟರೆ ಆ ಜಾಗದಲ್ಲಿ ಯಾರಾದರೂ ಇನ್ನೆರಡು ಐಟಂ ಬರೆದು ಇವರ ತಲೆಗೆ ಕಟ್ಟಬಹುದು. ಕೆಲಸಕ್ಕೆ ಹೊಸಬರು ಯಾರೇ ಬಂದರೂ ಕಾಸಿಂ ಕುಂಞಿ ಮೊದಲು ಕಲಿಸುವುದು ಈ ಗೆರೆ ಎಳೆಯುವುದನ್ನೇ.

ಇಷ್ಟು ಜಾಗ್ರತೆಯ ಮನುಷ್ಯ, ವಫ್ರಾದ ತೋಟದ ಕೆಲಸಗಾರರ ಕೈಯಲ್ಲಿ ವರ್ಷಗಟ್ಟಲೆ ಖಾಲಿ ಕಾಗದಕ್ಕೆ ಸೈನ್ ಹಾಕಿಸಿ ತಂದುಕೊಟ್ಟರು. ಯಾರಿಗೆ ಕೊಟ್ಟರು ಎಂಬುದನ್ನೂ ಹೇಳಬೇಕು.

ನಮ್ಮ ಕರಾವಳಿಯವರದ್ದು 'ಕಡಲತಡಿ ಕೂಟ' ಎಂಬ ಒಂದು ಸಂಘ. ಹಿಂದೆ ಅದರಲ್ಲಿ ಪ್ರತಿ ವಲಯಕ್ಕೂ ಒಂದು ಸಮಿತಿ ಇತ್ತು. ಓಟು ಹಾಕಿ ಆರಿಸಿದ ಸಮಿತಿ. ಆ ವಲಯದಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ, ಯಾರದಾದರೂ ಇಕಾಮಾ, ಅಂದರೆ ಇಲ್ಲಿ ವಾಸದ ಪರವಾನಗಿ, ತಪ್ಪಿದರೆ, ಯಾರಾದರೂ ತೀರಿಕೊಂಡರೆ ಓಡಾಡಲು ಒಬ್ಬ ಕಾರ್ಯದರ್ಶಿ. ಆಮೇಲೆ ಒಬ್ಬರು ಅಧ್ಯಕ್ಷರಾಗಿ ಬಂದರು. ಹೆಸರು ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವುದು ಬೇಡ. ಹದಿನಾರು ವರ್ಷ ಆ ಕುರ್ಚಿ ಬಿಡಲಿಲ್ಲ. ಪ್ರತಿ ವರ್ಷ ಮಹಾಸಭೆ. ಒಬ್ಬ ಎದ್ದು ಅವರ ಹೆಸರು ಸೂಚಿಸುವುದು, ಇನ್ನೊಬ್ಬ ಅನುಮೋದಿಸುವುದು, ಎಲ್ಲರೂ ಚಪ್ಪಾಳೆ ತಟ್ಟುವುದು. 'ಅವಿರೋಧ ಆಯ್ಕೆ' ಎಂದು ಮೈಕಿನಲ್ಲಿ ಹೇಳುವುದು, ಬಿರಿಯಾನಿಗೆ ಸಾಲು ನಿಲ್ಲುವುದು. ಪ್ರಶ್ನೆ ಕೇಳಲು ಎದ್ದವನ ಮೈಕು ಬಂದ್. ಎರಡನೇ ಸಲ ಎದ್ದವನ ಹೆಸರು ಮುಂದಿನ ವರ್ಷ ಸದಸ್ಯರ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ವಲಯ ಸಮಿತಿಗಳನ್ನೇ ರದ್ದು ಮಾಡಿದರು. ಇನ್ನು ಮುಂದೆ ಎಲ್ಲದಕ್ಕೂ ಅಧ್ಯಕ್ಷರ ಸೈನ್.

ಸಭೆಗೆ ಬರಲಾಗದವರ ಓಟನ್ನು ಇನ್ನೊಬ್ಬರು ಹಾಕಬಹುದು ಎಂದು ಕೂಟದ ನಿಯಮದಲ್ಲಿದೆ. ಅದಕ್ಕೊಂದು ಕಾಗದ, 'ವಕಾಲಾ' ಎನ್ನುತ್ತಾರೆ. ವಫ್ರಾದವರು ಬರುವುದು ಹೇಗೆ? ದೂರ. ಬಸ್ಸು ಅಪರೂಪ. ಶುಕ್ರವಾರವೂ ಗ್ರೀನ್‌ಹೌಸಿಗೆ ನೀರು ಬಿಡಬೇಕು. ಕಾಸಿಂ ಕುಂಞಿ ಗುರುವಾರ ಗುರುವಾರ ಗೋದಾಮಿನ ಪಿಕಪ್‌ನಲ್ಲಿ ಆ ತೋಟಗಳಿಗೆ ಪಂಪಿನ ಸಾಮಾನು ಕೊಂಡುಹೋಗುತ್ತಾರೆ. ಒಂದು ದಿನ ಅಧ್ಯಕ್ಷರು ಇವರ ಹೆಗಲ ಮೇಲೆ ಕೈ ಇಟ್ಟು, "ವಫ್ರಾ ನಿಮ್ಮ ಜವಾಬ್ದಾರಿ, ಕಾಸಿಂ ಕುಂಞಿ" ಎಂದರು. ಅಷ್ಟೇ ಸಾಕಾಯಿತು. ಹೆಗಲ ಮೇಲೆ ಕೈ ಬಿದ್ದರೆ ನಾವು ಎಂತ ಬೇಕಾದರೂ ಹೊರುತ್ತೇವೆ.

ಕಳೆದ ಆಗಸ್ಟಿನಲ್ಲಿ ಪುತ್ತಬ್ಬ ತೀರಿಕೊಂಡ. ಪುತ್ತಬ್ಬ ಎಂದರೆ ಕಾಸಿಂ ಕುಂಞಿಯ ಹೆಂಡತಿ ಜೈನಬಾಳ ತಮ್ಮ. ವಫ್ರಾದ ಒಂದು ತೋಟದಲ್ಲಿ ಹನ್ನೊಂದು ವರ್ಷ ದುಡಿದವನು, ಒಂದು ಮಧ್ಯಾಹ್ನ ಗ್ರೀನ್‌ಹೌಸಿನ ಒಳಗೆ ಕುಸಿದವನು ಏಳಲಿಲ್ಲ. ಊರಿನಲ್ಲಿ ಹೆಂಡತಿ, ಮೂರು ಮಕ್ಕಳು ಮಯ್ಯತ್, ಅವನ ಶವ, ಬರುವುದನ್ನು ಕಾಯುತ್ತ ಕೂತರು. ಮುಂಚಿನ ಕಾಲವಾಗಿದ್ದರೆ ವಲಯದ ಕಾರ್ಯದರ್ಶಿ ನಾಲ್ಕೈದು ದಿನದಲ್ಲಿ ಕಾಗದಪತ್ರ ಮುಗಿಸುತ್ತಿದ್ದ. ಈಗ ವಲಯವೂ ಇಲ್ಲ, ಕಾರ್ಯದರ್ಶಿಯೂ ಇಲ್ಲ. ಫೈಲು ಅಧ್ಯಕ್ಷರ ಮೇಜಿಗೆ ಹೋಯಿತು. ಅಧ್ಯಕ್ಷರು ತಮಗೇ ಆಗುವ ಸನ್ಮಾನಕ್ಕೆ ದುಬೈಗೆ ಹೋಗಿದ್ದರು. "ನೀವು ನಡುವೆ ಕೈ ಹಾಕ್ಬೇಡಿ, ಫೈಲು ಸಿಕ್ಕಿ ಬೀಳ್ತದೆ" ಎಂದರು ಕೂಟದ ಆಫೀಸಿನವರು. ಕಾಸಿಂ ಕುಂಞಿ ಕೈ ಹಾಕಲಿಲ್ಲ. "ಅಧ್ಯಕ್ಷರು ಬರ್ಲಿ, ಮಾಡಿಕೊಡ್ತಾರೆ" ಎಂದು ಹೆಂಡತಿಗೆ ದಿನಾ ಹೇಳಿದರು. ಹದಿನಾಲ್ಕು ದಿನ ಹೇಳಿದರು. ಕೊನೆಗೆ ನೋಡಿದರೆ ಫೈಲು ಆ ಆಫೀಸು ಬಿಟ್ಟು ಹೊರಗೆ ಹೋಗಿಯೇ ಇರಲಿಲ್ಲ. ಬೀಗ ಹಾಕಿದ ಡ್ರಾಯರಿನಲ್ಲಿ ಬಿದ್ದಿತ್ತು. ಅದು ಹೊರಬಂದು ಮಯ್ಯತ್ ಊರು ಮುಟ್ಟುವಾಗ ಹತ್ತೊಂಬತ್ತು ದಿನವಾಗಿತ್ತು.

ಆ ಡ್ರಾಯರಿನ ಸುದ್ದಿ ಎಲ್ಲರ ಫೋನಿಗೂ ಹೋಯಿತು. ಹದಿನಾರು ವರ್ಷ ಬಾಯಿ ಮುಚ್ಚಿದ್ದವರು ಒಟ್ಟಿಗೆ ಬಾಯಿ ಬಿಟ್ಟರು. ಎರಡು ವಾರದಲ್ಲಿ ಅಧ್ಯಕ್ಷರು 'ಆರೋಗ್ಯದ ಕಾರಣದಿಂದ' ರಾಜೀನಾಮೆ ಕೊಟ್ಟರು. ಹದಿನಾರು ವರ್ಷ ಗಟ್ಟಿಮುಟ್ಟಾಗಿದ್ದ ಆರೋಗ್ಯ ಆ ಎರಡು ವಾರದಲ್ಲೇ ಕೆಟ್ಟಿತ್ತು. ಒಂದು ತಾತ್ಕಾಲಿಕ ಸಮಿತಿ ಬಂತು. ನವೆಂಬರಿನ ಎರಡನೇ ಶುಕ್ರವಾರ ವಲಯಗಳಿಗೆ ಚುನಾವಣೆ ಎಂದು ಘೋಷಿಸಿತು. ಎಂಟು ವರ್ಷದ ಮೇಲೆ ಮೊದಲ ಸಲ.

ಅದಕ್ಕೆ ಒಂಬತ್ತು ದಿನ ಇರುವಾಗ, ಬುಧವಾರ ಸಂಜೆ, ಎದುರು ಫ್ಲಾಟಿನ ವೈಲೆಟ್ ಬಾಗಿಲು ತಟ್ಟಿದರು. ಆಸ್ಪತ್ರೆಯಲ್ಲಿ ನರ್ಸ್. ಯೂನಿಫಾರ್ಮ್ ಇನ್ನೂ ಬದಲಿಸಿರಲಿಲ್ಲ. ತಾತ್ಕಾಲಿಕ ಸಮಿತಿಯ ಏಳು ಜನರಲ್ಲಿ ಅವರೂ ಒಬ್ಬರು.

"ಕಾಸಿಂ ಕಾಕ, ವಫ್ರಾ ವಲಯದ ಓಟರ್ ಲಿಸ್ಟ್ ತಂದಿದ್ದೇನೆ, ಫಿಂಟಾಸೂ ಅದರಲ್ಲೇ ಬರ್ತದೆ. ನಿಮ್ಮಿಬ್ಬರ ಹೆಸರು ಸರಿ ಉಂಟಾ ನೋಡಿ."

"ನನಗೆ ಓಟೂ ಬೇಡ, ಗೀಟೂ ಬೇಡ ಸಿಸ್ಟರ್" ಎಂದರು ಕಾಸಿಂ ಕುಂಞಿ. "ಹತ್ತೊಂಬತ್ತು ದಿನ. ಆಗ ಎಲ್ಲಿ ಹೋಗಿತ್ತು ನಿಮ್ಮ ಕೂಟ? ಈಗ ಲಿಸ್ಟ್ ಹಿಡ್ಕೊಂಡು ಬರ್ತೀರಿ."

"ಸಿಟ್ಟು ಮಾಡಿ. ನನಗೂ ಸಿಟ್ಟು ಉಂಟು."

"ಸಿಟ್ಟು ಅಲ್ಲ, ಅಸಹ್ಯ. ಒಬ್ಬ ಹೋದ, ಇನ್ನೊಬ್ಬ ಬರ್ತಾನೆ. ಅವನೂ ಫೋಟೋಕ್ಕೆ ನಿಲ್ತಾನೆ. ಓಟು ಹಾಕಿದ್ರೆ ಎಂತ, ಬಿಟ್ರೆ ಎಂತ?"

ಜೈನಬಾ ಸುಲೈಮಾನಿ ತಂದಿಟ್ಟಳು. ತಮ್ಮ ಹೋದ ಮೇಲೆ ಅವಳ ಮಾತು ಕಡಿಮೆಯಾಗಿತ್ತು. ಚಾ ಇಟ್ಟು ಅಲ್ಲೇ ಕೂತಳು.

ಅಷ್ಟರಲ್ಲಿ ಕಾಸಿಂ ಕುಂಞಿಯ ಫೋನ್ ರಿಂಗಾಯಿತು. ಲಾಯ್ಡ್. ಹಳೆಯ ಅಧ್ಯಕ್ಷರ ಬಲಗೈ ಆಗಿದ್ದವನು. ಈಗ ವಫ್ರಾ ವಲಯದ ಕಾರ್ಯದರ್ಶಿ ಸ್ಥಾನಕ್ಕೆ ತಾನೇ ನಿಂತಿದ್ದ. ಅವನ ದನಿ ಫೋನಿನ ಹೊರಗೂ ಕೇಳುತ್ತಿತ್ತು.

"ಕಾಕ, ಫಾರ್ಮ್ ನಿಮ್ಮ ಗೋದಾಮಿಗೆ ಕಳಿಸಿದ್ದೇನೆ. ನಾಳೆ ವಫ್ರಾಕ್ಕೆ ಹೋಗ್ತೀರಲ್ಲ, ಯಾವಾಗಿನ ಹಾಗೆ ಸೈನ್ ಹಾಕಿಸಿ ತನ್ನಿ. ಎಂತ ತುಂಬಿಸ್ಲಿಕ್ಕೆ ಹೋಗ್ಬೇಡಿ, ನಾವು ಇಲ್ಲಿ ತುಂಬಿಸ್ತೇವೆ. ಖಲಾಸ್."

"ನೋಡುವ" ಎಂದು ಕಾಸಿಂ ಕುಂಞಿ ಫೋನ್ ಇಟ್ಟರು. ಇಟ್ಟ ಮೇಲೆ ವೈಲೆಟ್ ಮುಖ ನೋಡಲಿಲ್ಲ.

ವೈಲೆಟ್ ಚಾದ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು. "ಕಾಕ, ವಲಯ ಸಮಿತಿ ರದ್ದು ಆದದ್ದು ಹೇಗೆ, ಗೊತ್ತುಂಟಾ?"

"ಅಧ್ಯಕ್ಷರು ಮಾಡಿದ್ದು."

"ಒಬ್ಬರೇ ಮಾಡ್ಲಿಕ್ಕೆ ಆಗುವುದಿಲ್ಲ. ಮಹಾಸಭೆಯ ಓಟು ಬೇಕು. ಆವತ್ತು ಹಾಲ್‌ನಲ್ಲಿ ಇದ್ದವರಲ್ಲಿ ಹೆಚ್ಚಿನವರು ಬೇಡ ಅಂತಲೇ ಕೈ ಎತ್ತಿದ್ದಾರೆ. ಬೇಕು ಅಂತ ಗೆದ್ದದ್ದು ವಕಾಲಾದಿಂದ. ನೂರ ನಲ್ವತ್ತು ವಕಾಲಾ. ಎಲ್ಲ ವಫ್ರಾದ್ದು. ಮೊನ್ನೆ ಕಪಾಟು ತೆಗ್ದಾಗ ನಮಗೆ ಸಿಕ್ಕಿದ್ದು."

ಅವರು ಬ್ಯಾಗಿನಿಂದ ಒಂದು ಝೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟರು. ಕಾಸಿಂ ಕುಂಞಿ ಕೈ ಚಾಚುವ ಮೊದಲೇ ಜೈನಬಾ ಎತ್ತಿಕೊಂಡಳು. ಅವಳಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು. 'ವಲಯ ಸಮಿತಿಗಳನ್ನು ರದ್ದುಪಡಿಸುವ ನಿರ್ಣಯಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದೆ.' ಅದು ಒಂದು ಕೈಬರಹ, ನೀಟಾದ ಆಫೀಸಿನ ಅಕ್ಷರ. ಕೆಳಗಿನ ಸೈನ್ ಬೇರೆ ಕೈಯದ್ದು. ಎಲ್ಲ ಅಕ್ಷರವೂ ದೊಡ್ಡದಾಗಿ, ಮೊದಲ ಅಕ್ಷರ ಸ್ವಲ್ಪ ಮೇಲೆ. ಪುತ್ತಬ್ಬ.

ಅದರ ಕೆಳಗೆ ಸಾಕ್ಷಿ. ಕಾಸಿಂ ಕುಂಞಿ.

"ಇದು ನಿಮ್ಮ ಸೈನ್ ಅಲ್ವಾ?" ಎಂದಳು ಜೈನಬಾ.

ಕಾಸಿಂ ಕುಂಞಿ ತಮ್ಮ ಸೈನನ್ನೇ ನೋಡಿದರು. ಪುತ್ತಬ್ಬನ ಕೈಯಲ್ಲಿ ಸೈನ್ ಹಾಕಿಸಿದ ದಿನ ಅವರಿಗೆ ನೆನಪಿತ್ತು. ಪುತ್ತಬ್ಬ ಟೊಮೆಟೊ ಕೊಯ್ಯುತ್ತಿದ್ದ. ಕೈ ಪ್ಯಾಂಟಿಗೆ ಒರೆಸಿಕೊಂಡು, ಪಿಕಪ್‌ನ ಬಾನೆಟಿನ ಮೇಲೆ ಕಾಗದ ಇಟ್ಟು, "ಇಲ್ಲಿಯಾ ಭಾವ?" ಎಂದು ಕೇಳಿದ್ದ. ಇವರು ಬೆರಳಿಟ್ಟು ತೋರಿಸಿದ್ದರು. ಮೂರು ಫಾರ್ಮಿಗೆ ಹಾಕಿಸಿದ್ದರು. ಒಂದು ಹಾಳಾದರೆ ಇನ್ನೊಂದು ಇರಲಿ ಎಂದು ಆಫೀಸಿನವರು ಹೇಳಿದ್ದರು.

"ಶುವೈಖಿನಲ್ಲಿ ಒಂದು ನಟ್ಟಿಗೆ ಗೆರೆ ಎಳೀತೀರಿ" ಎಂದಳು ಜೈನಬಾ. "ಯಾವನೋ ಕಂಪೆನಿಯ ನಟ್ಟು. ಅದರಲ್ಲಿ ಯಾರೂ ನಿಮಗೆ ಮೋಸ ಮಾಡ್ಬಾರ್ದು. ನನ್ನ ತಮ್ಮನ ಕಾಗದಕ್ಕೆ ಒಂದು ಗೆರೆ ಎಳೀಲಿಕ್ಕೆ ಆಗ್ಲಿಲ್ಲ ನಿಮಗೆ. ಅವನ ಮಯ್ಯತ್ ಸಾಗಿಸುವ ಜನರನ್ನು ಅವನ ಕೈಯಲ್ಲೇ ರದ್ದು ಮಾಡಿಸಿದ್ರು. ನೀವು ಸಾಕ್ಷಿ ಹಾಕಿದ್ರಿ."

ಅವಳು ಅಳಲಿಲ್ಲ. ಅತ್ತಿದ್ದರೆ ಕಾಸಿಂ ಕುಂಞಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಕಾಗದ ಮಡಚಿ ಅವರ ಅಂಗಿಯ ಜೇಬಿಗೆ ಹಾಕಿ ಒಳಗೆ ಹೋದಳು.

ವೈಲೆಟ್ ದನಿ ತಗ್ಗಿಸಿದರು. "ಕಾಕ, ನಿಮ್ಮನ್ನು ಹಂಗಿಸ್ಲಿಕ್ಕೆ ತಂದದ್ದಲ್ಲ. ಈ ದೇಶದಲ್ಲಿ ನಮಗೆ ಓಟಿಲ್ಲ. ಊರಿನ ಓಟಿಗೆ ಎಷ್ಟು ಜನ ಟಿಕೆಟ್ ಹಾಕಿ ಹೋಗ್ತಾರೆ, ಹೇಳಿ. ಆ ತೋಟದವರ ಇಡೀ ಜೀವಮಾನದಲ್ಲಿ ಅವರದ್ದು ಅಂತ ಇರುವ ಓಟು ಇದೊಂದೇ. ಅದನ್ನೂ ನಾವು ಪಿಕಪ್‌ನಲ್ಲಿ ಕಟ್ಟು ಕಟ್ಟಿ ತಂದ್ರೆ ಹೇಗೆ?"

"ಈ ಸಲ ವಕಾಲಾ ಬೇಡ ಅಂತ ನೀವೇ ತೆಗೀಬಹುದಲ್ಲ?"

"ನಿಯಮ ತಿದ್ದುವ ಅಧಿಕಾರ ನಮಗಿಲ್ಲ. ತಾತ್ಕಾಲಿಕದವರು ನಾವೂ ಮನಸ್ಸಿಗೆ ಬಂದಂತೆ ತಿದ್ದಿದ್ರೆ ಅವರಿಗೂ ನಮಗೂ ಎಂತ ವ್ಯತ್ಯಾಸ? ಆದ್ರೆ ಅದೇ ನಿಯಮದಲ್ಲಿ ಇನ್ನೆರಡು ಉಂಟು. ಸದಸ್ಯ ಸ್ವತಃ ಬಂದು ಓಟು ಹಾಕಿದ್ರೆ ಅವನ ವಕಾಲಾ ಬಿದ್ದು ಹೋಗ್ತದೆ. ಮತ್ತೆ ಇಪ್ಪತ್ತೈದು ಸದಸ್ಯರು ಬರೆದು ಕೇಳಿದ್ರೆ ಓಟಿನ ಪೆಟ್ಟಿಗೆ ಅವರಿದ್ದಲ್ಲಿಗೇ ಹೋಗ್ಬೇಕು. ಹದಿನಾರು ವರ್ಷ ಯಾರೂ ಕೇಳ್ಲಿಲ್ಲ. ಯಾರೂ ಹೇಳ್ಲೂ ಇಲ್ಲ."

ಮಾರನೇ ದಿನ ಗುರುವಾರ. ಕಾಸಿಂ ಕುಂಞಿ ಪಿಕಪ್‌ನಲ್ಲಿ ಪಂಪಿನ ಸಾಮಾನು ಹೇರಿಕೊಂಡು ವಫ್ರಾಕ್ಕೆ ಹೋದರು. ಲಾಯ್ಡ್ ಕಳಿಸಿದ ಫಾರ್ಮುಗಳ ಕಟ್ಟು ಸೀಟಿನ ಮೇಲಿತ್ತು.

ಪುತ್ತಬ್ಬ ದುಡಿದ ತೋಟದ ಶೆಡ್ಡಿನ ಎದುರು ಪಿಕಪ್ ನಿಲ್ಲಿಸಿದರು. ಗಾಡಿ ಕಂಡು ಜನ ಒಬ್ಬೊಬ್ಬರೇ ಬಂದರು. ಬಂದವರ ಕೈಯಲ್ಲಿ ಸಿವಿಲ್ ಐಡಿಯ ಕಾಪಿ ಆಗಲೇ ಇತ್ತು. ಚುನಾವಣೆ ಎಂಬ ಸುದ್ದಿ ಕೇಳಿದ್ದರು, ಹಾಗಾಗಿ ಕಾಸಿಂ ಕಾಕ ಕಾಗದ ತರುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಒಬ್ಬ ಪೆನ್ನಿನ ಮುಚ್ಚಳ ಕೂಡ ತೆಗೆದು ನಿಂತಿದ್ದ. ಎಂತ ಕಾಗದ ಎಂದು ಒಬ್ಬರೂ ಕೇಳಲಿಲ್ಲ. ಈ ಅಭ್ಯಾಸ ಮಾಡಿಸಿದ್ದು ಬೇರೆ ಯಾರೂ ಅಲ್ಲ, ಕಾಸಿಂ ಕುಂಞಿಯೇ.

ಫಾರಿಸ್ ಮಾತ್ರ ದೂರ ನಿಂತಿದ್ದ. ಪುತ್ತಬ್ಬನ ರೂಮಿನಲ್ಲೇ ಇದ್ದವನು; ಅವನನ್ನು ಗ್ರೀನ್‌ಹೌಸಿನಿಂದ ಎತ್ತಿ ತಂದವನು.

"ಎಷ್ಟು ಫಾರ್ಮ್ ತಂದಿದ್ದೀರಿ ಕಾಕ?" ಎಂದ ಅಲ್ಲಿಂದಲೇ. "ಪುತ್ತಬ್ಬಂದು ಒಂದು ಕಡಿಮೆ ಮಾಡಿ."

ಕಾಸಿಂ ಕುಂಞಿ ಜೇಬಿನಿಂದ ಆ ಝೆರಾಕ್ಸ್ ತೆಗೆದರು. ಹೆಂಡತಿ ಓದಿದ ಹಾಗೆಯೇ ಒಂದೊಂದು ಸಾಲು ಓದಿದರು. ಪುತ್ತಬ್ಬನ ಸೈನ್ ತೋರಿಸಿದರು. ತಮ್ಮದೂ ತೋರಿಸಿದರು. "ಇದು ನಾನು ಮಾಡಿದ ತಪ್ಪು" ಎಂದರು. "ನಿಮ್ಮೆಲ್ಲರ ಹೆಸರಿನಲ್ಲೂ ಇಂಥದ್ದೊಂದು ಉಂಟು. ಖಾಲಿ ಕಾಗದಕ್ಕೆ ಸೈನ್ ಹಾಕಿಸಿದೆ. ಮೇಲೆ ಎಂತ ಬರೀತಾರೆ ಅಂತ ನಾನು ಕೇಳ್ಲಿಲ್ಲ, ನಿಮಗೆ ಕೇಳ್ಲಿಕ್ಕೂ ಬಿಡ್ಲಿಲ್ಲ."

ಪೆನ್ನು ಹಿಡಿದಿದ್ದವನು ಮುಚ್ಚಳ ಹಾಕಿದ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೆಲವರು ಬೈದರು. ಫಾರಿಸ್ ಹತ್ತಿರ ಬಂದು ಆ ಕಾಗದ ಈಸಿಕೊಂಡು ನೋಡಿದ. ಪುತ್ತಬ್ಬನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. "ಹನ್ನೊಂದು ವರ್ಷ ನಿಮ್ಮನ್ನು ನಂಬಿದ್ದ ಕಾಕ ಅವನು" ಎಂದ. ಬೈಗುಳಕ್ಕಿಂತ ಅದು ಹೆಚ್ಚು ನೋಯಿಸಿತು. ಕಾಸಿಂ ಕುಂಞಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಕೇಳಿಸಿಕೊಳ್ಳಬೇಕಾದದ್ದೇ.

ತೋಟದ ಯಜಮಾನರ ಮನೆಯಲ್ಲಿ ಅಡುಗೆ ಮಾಡುವ ಭಾಗೀರಥಮ್ಮ ಕುಂದಾಪುರದವರು. ಇಪ್ಪತ್ತು ವರ್ಷದಿಂದ ಇಲ್ಲೇ. ಅವರು ಮುಂದೆ ಬಂದರು.

"ಆದದ್ದು ಆಯ್ತು. ಈಗ ಓಟು ಹಾಕೂದು ಹ್ಯಾಂಗೆ? ಫಿಂಟಾಸಿಗೆ ನಮ್ಮನ್ನ ಯಾರು ಕರ್ಕಂಡ್ ಹೋತ್ರ್? ಮತ್ತೆ ನಂಗೆ ಓದೂಕೆ ಬತ್ತಿಲ್ಲೆ."

"ನೀವು ಹೋಗುವುದು ಬೇಡ. ಪೆಟ್ಟಿಗೆಯೇ ಇಲ್ಲಿಗೆ ಬರ್ಬೇಕು. ಇಪ್ಪತ್ತೈದು ಜನ ಬರೆದು ಕೇಳಿದ್ರೆ ಸಾಕು. ಓದ್ಲಿಕ್ಕೆ ಬಾರದವರಿಗೆ ಚಿತ್ರ ಇರ್ತದೆ. ಲಾಯ್ಡ್‌ದು ಕನ್ನಡಕ. ಎದುರು ಇನ್ನೂ ಯಾರೂ ನಿಂತಿಲ್ಲ. ನಿಲ್ಲುವವರಿಗೆ ಶನಿವಾರದವರೆಗೆ ಸಮಯ ಉಂಟು. ಒಬ್ಬನೇ ನಿಂತ್ರೆ ಮತ್ತೆ ಅದೇ ಅವಿರೋಧ ಆಯ್ಕೆ."

"ಫಾರಿಸ್ ನಿಲ್ಲಲಿ" ಎಂದ ಪೆನ್ನು ಹಿಡಿದಿದ್ದವನು.

ಫಾರಿಸ್ ಬೇಡ ಎಂದ. ತನಗೆ ಭಾಷಣ ಬರುವುದಿಲ್ಲ ಎಂದ. "ಭಾಷಣ ಹದಿನಾರು ವರ್ಷ ಕೇಂಡಾಯ್ತ್" ಎಂದರು ಭಾಗೀರಥಮ್ಮ. "ಸತ್ತವ್ರನ್ನ ಮನೆಗೆ ಮುಟ್ಸೂಕೆ ಓಡಾಡೂಕೆ ಒಂದ್ ಜನ ಬೇಕ್. ಪುತ್ತಬ್ಬನ್ನ ಹೊತ್ತದ್ದ್ ನೀನೇ ಅಲ್ದಾ?" ಫಾರಿಸ್ ಆಮೇಲೆ ಬೇಡ ಎನ್ನಲಿಲ್ಲ.

ಕಾಸಿಂ ಕುಂಞಿ ಬಿಳಿ ಹಾಳೆ ತೆಗೆದು ಅರ್ಜಿ ಬರೆದರು. ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಕೊನೆಯ ಸಾಲಿನ ಕೆಳಗೆ ಉಳಿದ ಜಾಗಕ್ಕೆ ಓರೆಯಾಗಿ ಒಂದು ಗೆರೆ ಎಳೆದು, ಎಂತಕ್ಕೆ ಎಳೆದದ್ದು ಎಂದು ಹೇಳಿದರು. ಸೈನ್ ಹಾಕಲು ಬೇರೆ ಹಾಳೆ ಕೊಡಲಿಲ್ಲ. ಅದರದ್ದೇ ಹಿಂದಿನ ಪುಟ ತೋರಿಸಿದರು. ಐವತ್ತಮೂರು ಸೈನ್ ಬಿತ್ತು. ಕೊನೆಯ ಸೈನಿನ ಕೆಳಗೆ ಇನ್ನೊಂದು ಗೆರೆ. ಲಾಯ್ಡ್‌ನ ಫಾರ್ಮುಗಳನ್ನು ಎಲ್ಲರ ಎದುರೇ ಹರಿದು ಕಸದ ಡ್ರಮ್ಮಿಗೆ ಹಾಕಿದರು.

ಚುನಾವಣೆಯ ಶುಕ್ರವಾರ, ಜುಮಾ ನಮಾಜು ಮುಗಿದ ಮೇಲೆ, ಪೆಟ್ಟಿಗೆ ವಫ್ರಾಕ್ಕೆ ಬಂತು. ತೋಟದ ಮ್ಯಾನೇಜರು ಪ್ಯಾಕಿಂಗ್ ಶೆಡ್ಡು ಬಿಟ್ಟುಕೊಟ್ಟಿದ್ದ. ಟೊಮೆಟೊದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಆಳೆತ್ತರ ಒಟ್ಟಿ ಮರೆ ಮಾಡಿದ್ದರು. ಒಳಗೆ ಒಬ್ಬೊಬ್ಬರೇ ಹೋಗಬೇಕು. ಯಾರು ಯಾರಿಗೆ ಒತ್ತಿದರು ಎಂದು ಗಂಡನಿಗೂ ಗೊತ್ತಾಗಬಾರದು, ಮೇಸ್ತ್ರಿಗೂ ಗೊತ್ತಾಗಬಾರದು ಎಂದು ವೈಲೆಟ್ ಎಲ್ಲರಿಗೂ ಹೇಳಿದರು. ಜೈನಬಾ ಫಿಂಟಾಸಿನಿಂದ ಗಂಡನ ಜೊತೆ ಬಂದು ಒಂದು ಮೂಲೆಯಲ್ಲಿ ಕೂತಿದ್ದಳು. ಆ ಒಂಬತ್ತು ದಿನ ಅವಳು ಗಂಡನೊಡನೆ ಬೇಕಾದಷ್ಟೇ ಮಾತಾಡಿದ್ದಳು.

ಮೂರು ಗಂಟೆಗೆ, ಓಟು ಇನ್ನೇನು ಶುರುವಾಗಬೇಕು ಎನ್ನುವಾಗ, ಲಾಯ್ಡ್ ಬಂದ. ಇಸ್ತ್ರಿ ಮಾಡಿದ ಅಂಗಿ, ಸೆಂಟಿನ ಪರಿಮಳ. ಕಂಕುಳಲ್ಲಿ ಒಂದು ಫೈಲು. ವೈಲೆಟ್ ಕೂತಿದ್ದ ಮೇಜಿನ ಮೇಲೆ ಅದನ್ನು ಇಟ್ಟ.

"ತೊಂಬತ್ತೆರಡು ವಕಾಲಾ. ನಿಯಮ ಪ್ರಕಾರ. ಸದಸ್ಯರ ಸೈನ್ ಉಂಟು, ಸಾಕ್ಷಿಯ ಸೈನ್ ಉಂಟು, ಈ ತಿಂಗಳ ತಾರೀಕು ಉಂಟು. ಎಲ್ಲ ನನಗೆ."

ಶೆಡ್ಡಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಈ ತಿಂಗಳು ಯಾರೂ ಯಾವ ವಕಾಲಾಕ್ಕೂ ಸೈನ್ ಹಾಕಿರಲಿಲ್ಲ.

ಕಾಸಿಂ ಕುಂಞಿಗೆ ಮಾತ್ರ ಅರ್ಥವಾಯಿತು. ಒಬ್ಬೊಬ್ಬರ ಕೈಯಲ್ಲಿ ಮೂರ್ಮೂರು ಹಾಕಿಸಿದ್ದು. ಹಾಳಾದರೆ ಇರಲಿ ಎಂದು ತಂದುಕೊಟ್ಟದ್ದು. ಹಾಳಾಗದ ಆ ಫಾರ್ಮುಗಳನ್ನು ಲಾಯ್ಡ್ ಎಂಟು ವರ್ಷ ತನ್ನ ಹತ್ತಿರವೇ ಜೋಪಾನ ಮಾಡಿ ಇಟ್ಟಿದ್ದ. ಈಗ ಖಾಲಿ ಜಾಗದಲ್ಲಿ ಹೊಸ ತಾರೀಕು, ಹೊಸ ಹೆಸರು.

"ಓದುತ್ತೇನೆ" ಎಂದರು ವೈಲೆಟ್. "ಇಲ್ಲಿ ಇದ್ದವರು ಸ್ವತಃ ಓಟು ಹಾಕಿದ್ರೆ ಅವರ ವಕಾಲಾ ಬಿದ್ದು ಹೋಗ್ತದೆ. ಇಲ್ಲದವರದ್ದು ಲೆಕ್ಕಕ್ಕೆ ಬರ್ತದೆ. ಹೆಸರು ಕರೆದಾಗ ಹೇಳಿ."

ಒಂದೊಂದೇ ಹೆಸರು ಕರೆದರು. "ಇದ್ದೇನೆ", "ಇಲ್ಲಿದ್ದೇನೆ" ಎಂದು ಉತ್ತರ ಬರುತ್ತ ಹೋಯಿತು. ಹದಿನೇಳನೆಯ ಕಾಗದಕ್ಕೆ ವೈಲೆಟ್ ನಿಂತರು. ಓದಬೇಕೋ ಬೇಡವೋ ಎಂಬಂತೆ ಕಾಸಿಂ ಕುಂಞಿಯ ಕಡೆ ನೋಡಿದರು. ಆಮೇಲೆ ಓದಿದರು.

"ಪುತ್ತಬ್ಬ."

ಲಾಯ್ಡ್‌ನ ಕೈ ಫೈಲಿನತ್ತ ಹೋಯಿತು. ಕಟ್ಟಿನೊಳಗೆ ಯಾರ ಹೆಸರಿದೆ ಎಂದು ಅವನೂ ಓದಿರಲಿಲ್ಲ. ಅವನಿಗೆ ಅವು ಹೆಸರುಗಳೇ ಆಗಿರಲಿಲ್ಲ, ತೊಂಬತ್ತೆರಡು ಎಂಬ ಸಂಖ್ಯೆ ಆಗಿದ್ದವು.

ಜೈನಬಾ ಮೂಲೆಯಿಂದ ಎದ್ದು ಮೇಜಿನ ಹತ್ತಿರ ಬಂದಳು.

"ಅವನು ಇಲ್ಲ" ಎಂದಳು. "ಊರಿನ ಪಳ್ಳಿಯ ಹಿಂದೆ, ಖಬರಿನ ಮಣ್ಣಿನಲ್ಲಿದ್ದಾನೆ. ಅಲ್ಲಿಗೆ ಮುಟ್ಲಿಕ್ಕೆ ಅವನಿಗೆ ಹತ್ತೊಂಬತ್ತು ದಿನ ಬೇಕಾಯ್ತು. ಈ ತಿಂಗಳು ನಿಮ್ಮ ಹತ್ರ ಬಂದು ಸೈನ್ ಹಾಕಿ ಹೋದ್ನಾ ಲಾಯ್ಡ್?"

"ಅಕ್ಕ, ಅದು ಹುಡುಗರು ಎಂತದೋ ಮಿಸ್ಟೇಕ್..." ಎಂದು ಲಾಯ್ಡ್ ಶುರು ಮಾಡಿದ. "ಆ ಒಂದು ತೆಗೆಯಿರಿ. ಬಾಕಿದ್ದಕ್ಕೆ ಸಾಕ್ಷಿಯ ಸೈನ್ ಉಂಟಲ್ಲ."

"ಸಾಕ್ಷಿ ನಾನು" ಎಂದರು ಕಾಸಿಂ ಕುಂಞಿ.

ಅವರು ಮುಂದೆ ಬಂದರು. ಇಪ್ಪತ್ತೆಂಟು ವರ್ಷ ಈ ದೇಶದಲ್ಲಿ ಅವರು ಗಳಿಸಿದ್ದು ಒಂದು ಹೆಸರು: ಕಾಸಿಂ ಕುಂಞಿ ಸೈನ್ ಹಾಕಿದ್ದೆಂದರೆ ಸರಿ ಇರುತ್ತದೆ. ಅದನ್ನೇ ಈಗ ಎಲ್ಲರ ಎದುರು ಕಳೆದುಕೊಳ್ಳಬೇಕಿತ್ತು.

"ಎಂಟು ವರ್ಷದ ಹಿಂದೆ ಈ ಕಾಗದಕ್ಕೆ ಸೈನ್ ಹಾಕಿದಾಗ ಇದರಲ್ಲಿ ಎಂತದೂ ಬರೆದಿರಲಿಲ್ಲ. ತಾರೀಕೂ ಇರಲಿಲ್ಲ. ಎಂತಕ್ಕೆ ಸಾಕ್ಷಿ ಹಾಕ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ನಾನು ಸುಳ್ಳು ಸಾಕ್ಷಿ. ಬರೆದುಕೊಳ್ಳಿ ಸಿಸ್ಟರ್. ಎಲ್ಲಿ ಬೇಕಾದರೂ ಬಂದು ಹೇಳ್ತೇನೆ."

ಪುತ್ತಬ್ಬನ ಕಾಗದವನ್ನು ಎಳೆದುಕೊಂಡರು. ಜೇಬಿನ ಪೆನ್ನು ತೆಗೆದು ತಮ್ಮ ಸೈನಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆದರು. ಆಮೇಲೆ ಮುಂದಿನದು. ಆಮೇಲೆ ಅದರ ಮುಂದಿನದು. ತೊಂಬತ್ತೆರಡು ಗೆರೆ ಎಳೆದರು. ಮುಗಿಯುವಾಗ ಲಾಯ್ಡ್ ಶೆಡ್ಡಿನಲ್ಲಿ ಇರಲಿಲ್ಲ. ಅವನ ಫೈಲು ಮೇಜಿನ ಮೇಲೇ ಉಳಿದಿತ್ತು.

ಜೈನಬಾ ಪುತ್ತಬ್ಬನ ಕಾಗದವನ್ನು ಕೈಗೆತ್ತಿಕೊಂಡಳು. ತಮ್ಮನ ಸೈನಿನ ಮೇಲೆ ಗೆರೆ ಬಿದ್ದಿರಲಿಲ್ಲ. ಅದನ್ನು ನೋಡಿ, ಕಾಗದವನ್ನು ಮತ್ತೆ ವೈಲೆಟ್ ಕೈಗೆ ಕೊಟ್ಟಳು. "ಇದನ್ನು ಕಪಾಟಿನಲ್ಲಿ ಇಡಿ. ಇನ್ನು ಬರುವವರೆಲ್ಲ ನೋಡ್ಲಿ" ಎಂದಳು. ಆಮೇಲೆ ಗಂಡನಿಗೆ, "ನಿಮ್ಮ ಓಟು ಬಾಕಿ ಉಂಟಲ್ಲ? ಬನ್ನಿ, ಸಾಲಿಗೆ ನಿಲ್ಲುವ" ಎಂದಳು.

ಭಾಗೀರಥಮ್ಮ ಮೊದಲು ಮರೆಯೊಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಬಂದಾಗ ಎಂತ ಆಯಿತು ಎಂದು ಯಾರೋ ಕೇಳಿದರು. "ಎಂತದೂ ಇಲ್ಲೆ. ಸ್ವಲ್ಪ ಹೊತ್ತ್ ಸುಮ್ನೆ ನಿಂತಿದ್ದೆ" ಎಂದರು. ಸಂಜೆ ಎಣಿಸಿದಾಗ ಬಾಲ್ದಿಯ ಚಿತ್ರಕ್ಕೆ ತೊಂಬತ್ತೇಳು, ಕನ್ನಡಕಕ್ಕೆ ಇಪ್ಪತ್ತೊಂದು. ಬಾಲ್ದಿ ಫಾರಿಸ್‌ನದ್ದು. ಕನ್ನಡಕಕ್ಕೆ ಹಾಕಿದ ಆ ಇಪ್ಪತ್ತೊಂದು ಜನ ಯಾರೆಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು. ಅದು ಅವರ ಓಟು, ಅವರೇ ಹಾಕಿದ್ದು.

ಈಗ ನಿಮ್ಮ ಸರದಿ. ನೀವು ಫರ್ವಾನಿಯಾದಲ್ಲಿರಿ, ಸಾಲ್ಮಿಯಾದಲ್ಲಿರಿ, ಯಾವ ಸಂಘದವರೇ ಆಗಿರಿ, ಇದನ್ನು ಓದಿ ಮಡಚಿಟ್ಟು ಮಲಗಬೇಡಿ. ದೊಡ್ಡವರು ಬಿದ್ದರು ಎಂದ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ಅವರ ಕಪಾಟಿನಲ್ಲಿ ನಿಮ್ಮ ಸೈನ್ ಇನ್ನೂ ಇರಬಹುದು. ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ನೀವೇ ಹೋಗಿ ನೋಡಿ. ಬರಲಾಗದಿದ್ದರೆ ಪೆಟ್ಟಿಗೆ ಕಳಿಸಿ ಎಂದು ಬರೆದು ಕೇಳಿ. ಯಾರಾದರೂ ಕಾಗದ ತಂದು ಸೈನ್ ಕೇಳಿದರೆ ಓದಿ, ಓದಲು ಬಾರದಿದ್ದರೆ ನಂಬಿಕೆಯ ಇಬ್ಬರಿಂದ ಓದಿಸಿ, ಖಾಲಿ ಜಾಗ ಕಂಡರೆ ಗೆರೆ ಎಳೆಯಿರಿ. ತಂದವರು ನಿಮ್ಮ ಭಾವನೇ ಆಗಿದ್ದರೂ ಎಳೆಯಿರಿ. ಅವರಿಗೆ ಬೇಸರವಾದರೆ ಆಗಲಿ. ಪುತ್ತಬ್ಬ ಸಂಕೋಚಪಟ್ಟು ಕೇಳದೇ ಹೋದದ್ದನ್ನು ಇನ್ನು ನೀವು ಕೇಳಿ: "ಇದರಲ್ಲಿ ಎಂತ ಬರೆದದ್ದು?"